ಪರದೆಯ ಹಿಂದಕ್ಕೆ ಹೋದ ಸ್ಪೀಕರ್

ಸಿನಿಮಾ ಹುಚ್ಚು ನನ್ನದಲ್ಲ, ನಮ್ಮ ಯಜಮಾನರದು. ನಾನು ಕೊಟ್ಟೂರಿನಲ್ಲಿ ಬ್ಲೌಸ್ ಹೊಲಿಯುವವಳು. ಅವರು ಹರಪನಹಳ್ಳಿ ದಾರಿಯಲ್ಲಿ ಪ್ರೈವೇಟ್ ಬಸ್ಸು ಓಡಿಸುತ್ತಿದ್ದರು. ಕಣ್ಣು ಕೈಕೊಟ್ಟಿತು, ಬಸ್ಸು ಬಿಟ್ಟರು, ಸಿನಿಮಾ ಮಾತ್ರ ಬಿಡಲಿಲ್ಲ. ಗೊಬ್ಬರದ ಚೀಲ ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆಯನ್ನು ಖಾಲಿ ಮಾಡಿಸಿ, ಪ್ರೊಜೆಕ್ಟರ್ ತಂದು, ಗೋಡೆಗೆ ಬಿಳಿ ಪರದೆ ಬಿಗಿಸಿ, ಅದರ ಕೆಳಗೆ ಸ್ಪೀಕರ್ ಇಡಿಸಿದರು. ‘ಗೊಬ್ಬರದ ವಾಸನಿ ಹೋಗೋತನಕ ನಾನಂತೂ ಒಳಗ ಬರಂಗಿಲ್ಲ’ ಎಂದು ನಾನೂ ರೇಗಿಸಿದ್ದೆ.

ಕಣ್ಣಿನೊಳಗಿನ ಒತ್ತಡ ಅಂದರು ದಾವಣಗೆರೆ ಡಾಕ್ಟರು. ‘ಹೋದ ದೃಷ್ಟಿ ವಾಪಸ್ ಬರಲ್ಲಮ್ಮ, ಉಳಿದಿರೋದನ್ನ ಕಾಪಾಡ್ಕೊಳ್ಳಿ, ಹನಿ ಹಾಕೋದು ತಪ್ಪಿಸಬೇಡಿ’ ಎಂದರು. ಎಷ್ಟು ಉಳಿದಿದೆ ಎಂಬುದೇ ನನ್ನ ಸಂಕಟ. ಕೇಳಿದರೆ ಇವರದು ಒಂದೇ ಮಾತು. ‘ಎಲ್ಲಾ ಕಾಣ್ತೈತಿ ಬಿಡು, ಸುಮ್ನ ತಲಿ ತಿನ್ನಬ್ಯಾಡ.’ ಮುಂದಿನ ತಪಾಸಣೆಗೆ ಹೋಗೋಣವೆಂದರೆ ಏನಾದರೂ ನೆಪ. ಹೆದರಿ ಸುಳ್ಳು ಹೇಳುವವರನ್ನು ಹೇಗೆ ಬೈಯುವುದು? ಆದರೂ ಬೈದಿದ್ದೇನೆ, ಬೇಕಾದಷ್ಟು ಸಲ.

ನನಗೆ ನಿಜ ತಿಳಿಸುತ್ತಿದ್ದುದು ಆ ಸ್ಪೀಕರ್ ಒಂದೇ. ಮೊದಲು ಅವರ ಮುಖ ಚಿತ್ರದ ಕಡೆ ಇರುತ್ತಿತ್ತು. ಬರಬರುತ್ತ, ಯಾರಾದರೂ ಮಾತಾಡಿದ ಕೂಡಲೇ ಕೆಳಗೆ, ದನಿ ಬರುವ ಪೆಟ್ಟಿಗೆಯ ಕಡೆ ತಿರುಗತೊಡಗಿತು. ಚಿತ್ರ ಕಾಣದಿದ್ದಾಗ ಕಿವಿ ಎಳೆದ ಕಡೆಗೇ ಮುಖ ಹೋಗುತ್ತದಲ್ಲವೇ? ಒಂದು ಭಾನುವಾರ ಹಡಗಲಿಯಿಂದ ಬಂದ ನನ್ನ ಮೈದುನ ಅದನ್ನು ಕಂಡು, ‘ಯಾಕಣ್ಣ, ಹೀರೋಯಿನ್ನು ಮ್ಯಾಲೆ ಅದಾಳ, ನೀನು ಬರೇ ಕಾಲು ನೋಡಕ್ಕತ್ತೀಯಲ್ಲ!’ ಎಂದು ಚೇಷ್ಟೆ ಮಾಡಿದ. ಎಲ್ಲರೂ ನಕ್ಕರು. ಇವರೂ ನಕ್ಕರು. ನಾನು ಮಾತ್ರ ಅವರ ಮುಖವನ್ನೇ ನೋಡುತ್ತಿದ್ದೆ.

ಮರುವಾರವೇ ಹೊಸಪೇಟೆಯಿಂದ ಸ್ಪೀಕರ್ ಕೂಡಿಸುವವನು ಬಂದ. ಫೋನು ಮಾಡಿ ಕರೆಸಿದ್ದು ಇವರೇ. ‘ದನಿ ಪರದಿ ಹಿಂದಿನಿಂದ ಬರ್ಬೇಕಪ್ಪ, ಟಾಕೀಸಿನ್ಯಾಗ ಬರ್ತೈತಲ್ಲ, ಹಂಗ. ಮಾತು ಬಾಯಿಂದನ ಬಂದಂಗ ಇರ್ಬೇಕು’ ಎಂದು ಠೀವಿಯಿಂದ ಹೇಳಿದರು. ಅಲ್ಲೇ ನಿಂತಿದ್ದ ನನಗೆ ಎಲ್ಲ ಅರ್ಥವಾಯಿತು. ಬಾಯಿಬಿಟ್ಟರೆ ಬಣ್ಣಗೇಡು ಅಂತ ಚಹಾ ಮಾಡಲು ಒಳಗೆ ಹೋದೆ.

ಹಳೆಯ ಪರದೆಯ ಹಿಂದೆ ಸ್ಪೀಕರ್ ಇಟ್ಟರೆ ದನಿ ತಡೆಯುತ್ತದಂತೆ. ಅದಕ್ಕೆ ದನಿಯನ್ನು ದಾಟಗೊಡುವ ಬೇರೆ ಪರದೆಯೇ ಬೇಕು. ಅವನು ತಂದದ್ದು ನೇಯ್ದ ಬಟ್ಟೆ. ಕಣ್ಣಿಗೆ ಹತ್ತಿರ ಹಿಡಿದರಷ್ಟೇ ಎಳೆಗಳ ನಡುವಿನ ಸಂದು ಕಾಣುತ್ತಿತ್ತು. ಅದನ್ನು ಚೌಕಟ್ಟಿಗೆ ಬಿಗಿದು, ಗೋಡೆಯಿಂದ ಮುಂದಕ್ಕೆ ನಿಲ್ಲಿಸಿ, ಹಿಂದೆ ಮೂರು ಸ್ಪೀಕರ್ ಇಟ್ಟ. ಹೆಚ್ಚಿನ ಮಾತು ಬರುವುದು ನಟ್ಟನಡುವೆ, ಮುಖ ಬರುವ ಎತ್ತರಕ್ಕೆ, ಉಳಿದೆರಡು ಎಡಬಲಕ್ಕೆ. ಬಟ್ಟೆ ದಾಟಿ ಬರುವಾಗ ದನಿಯ ಚೂಪು ಕೊಂಚ ತಗ್ಗುತ್ತದೆಂದು ಏನೇನೋ ಒತ್ತಿ ಸರಿಮಾಡಿ ಹೋದ.

ಆಮೇಲೆ ನಾನು ಎಡವಟ್ಟು ಮಾಡಿದೆ. ಚಿತ್ರ ಬೆಳ್ಳಗಾದಾಗ ಬೆಳಕು ಸಂದಿನಲ್ಲಿ ತೂರಿ ಸ್ಪೀಕರಿನ ಹೊಳಪು ಕಾಣುತ್ತಿತ್ತು. ತೆಳು ಬಟ್ಟೆಗೆ ಲೈನಿಂಗ್ ಕೊಡದೆ ಬಿಟ್ಟವಳೇ ನಾನು? ಬ್ಲೌಸಿಗೆ ಹಾಕುವ ಕಪ್ಪು ಲೈನಿಂಗನ್ನೇ ಹಿಂದೆ ಒತ್ತಾಗಿ ಹೊಲಿದುಬಿಟ್ಟೆ. ಆವತ್ತು ಸಿನಿಮಾದವರೆಲ್ಲ ಶೀತ ಹಿಡಿದವರಂತೆ ಮಾತಾಡಿದರು. ಇವರು ಆ ಕಡೆ ಈ ಕಡೆ ಮುಖ ತಿರುಗಿಸುತ್ತ, ದನಿ ಎಲ್ಲಿಯದೆಂದು ತಿಳಿಯದೆ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದರು. ಆ ಮುಖ ನೋಡಲಾಗಲಿಲ್ಲ. ಮರುದಿನ ಅಂಗಡಿಯಲ್ಲಿ, ಯಾವುದು ದನಿ ಬಿಡುತ್ತದೆಂದು ನೋಡಲು, ಒಂದೊಂದೇ ಕಪ್ಪು ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡಿದೆ. ಗಿರಾಕಿಗಳು, ‘ಯಕ್ಕಾ, ಏನ್ ಹುಚ್ಚು ಹಿಡೀತೇನು?’ ಎಂದರು. ಕೊನೆಗೆ ದುಪಟ್ಟಾದ ತೆಳು ಬಟ್ಟೆ ಸರಿಹೋಯಿತು. ಲೈನಿಂಗ್ ಬಿಚ್ಚಿ ಅದನ್ನು ಇಳಿಬಿಟ್ಟೆ.

ಅಂದಿನಿಂದ ಅವರ ಮುಖ ತಪ್ಪಲೇ ಇಲ್ಲ. ಹುಡುಗಿ ಎಡಕ್ಕೆ ನಿಂತು ಕೂಗಿದರೆ ಎಡಕ್ಕೆ, ಮುದುಕ ನಡುವೆ ನಿಂತು ಬೈದರೆ ನಡುವೆ. ಮೈದುನ ಮತ್ತೆ ಬಂದಾಗ, ‘ಹನಿ ಹಿಡಿಸ್ಯಾವ ನೋಡತ್ತಿಗಿ, ಅಣ್ಣನ ಕಣ್ಣು ಸುಧಾರಿಸ್ಯಾವ’ ಎಂದ. ಇವರು ಮೀಸೆ ಸವರಿಕೊಂಡರು. ನನಗೆ ಮಾತ್ರ ದಿಕ್ಕೇ ತೋಚದಾಯಿತು. ಎಷ್ಟು ಕಾಣುತ್ತದೆಂದು ತಿಳಿಯಲು ನನಗಿದ್ದದ್ದು ಆ ಒಂದೇ ಗುರುತು. ಅದು ಅಳಿಯಲೆಂದು ನನ್ನ ಕೈಯಾರೆ ನಾನೇ ಹೊಲಿದುಕೊಟ್ಟಿದ್ದೆ.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟಕ್ಕೆಂದು ಅಂಗಡಿಯಿಂದ ಬಂದೆ. ಕೋಣೆಯೊಳಗೆ ಸಿನಿಮಾದ ಮಾತು ಕೇಳುತ್ತಿತ್ತು. ಬಾಗಿಲು ತೆರೆದು ಒಳಗೆ ಕಾಲಿಟ್ಟು, ಅಭ್ಯಾಸದಂತೆ ಹಿಂದೆ ಮುಚ್ಚಿದೆ. ಪೂರಾ ಕತ್ತಲು. ಕರೆಂಟು ಒಂದು ಗಳಿಗೆ ಹೋಗಿ ಬಂದಿತ್ತೆಂದು ಕಾಣುತ್ತದೆ. ಸಿನಿಮಾ ಓಡಿಸುವ ಪೆಟ್ಟಿಗೆಗೂ ಸ್ಪೀಕರ್‌ಗಳಿಗೂ ಬ್ಯಾಟರಿ ಇದೆ, ಪ್ರೊಜೆಕ್ಟರಿಗೆ ಇಲ್ಲ; ಒಮ್ಮೆ ಆರಿದರೆ ಗುಂಡಿ ಒತ್ತಿದರೇ ಅದು ಮತ್ತೆ ಹತ್ತುವುದು. ಪರದೆಯ ಮೇಲೆ ಏನೂ ಇರಲಿಲ್ಲ.

‘ಬಂದೆಯಾ? ಕುಂದ್ರು. ಭಾಳ ಚಲೋ ಐತಿ ನೋಡು ಪಿಚ್ಚರ್’ ಎಂದರು.

ಗುಂಡಿ ಒತ್ತಲು ಕೈ ಎತ್ತಿದೆ, ಹಾಗೇ ನಿಂತೆ. ಪ್ರೊಜೆಕ್ಟರ್ ಹತ್ತುವಾಗ ಕುಯ್ ಎಂದು ಕೂಗುತ್ತದೆ. ಆ ಸದ್ದು ಇವರಿಗೆ ಚೆನ್ನಾಗಿ ಗೊತ್ತು. ಒತ್ತಿದರೆ, ಇಷ್ಟು ಹೊತ್ತು ಅದು ಆರಿತ್ತೆಂದು ತಿಳಿಯುತ್ತದೆ, ನಾನು ಅದನ್ನು ಕಂಡೆನೆಂದೂ ತಿಳಿಯುತ್ತದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ದೇವರೇ, ಚೂರೂ ಉಳಿದಿಲ್ಲವೇ, ಬೆಳಕು ಕತ್ತಲೆಯೂ ತಿಳಿಯದೇ ಇವರಿಗೆ? ತಡವರಿಸಿಕೊಂಡು ಹೋಗಿ ಪಕ್ಕದಲ್ಲಿ ಕೂತೆ.

ಕತ್ತಲೆಯಲ್ಲಿ ಒಬ್ಬಳು ತವರಿನಿಂದ ಬಂದ ಹೊಸ ಸೀರೆಯ ಬಗ್ಗೆ ತಂಗಿಯ ಹತ್ತಿರ ಹೇಳುತ್ತಿದ್ದಳು. ಇವರು ನನ್ನ ಮೊಣಕೈ ಮುಟ್ಟಿ, ‘ಆ ಸೀರಿ ನೋಡಿದೇನು? ನಿನಗ ಒಪ್ಪತೈತಿ’ ಎಂದರು.

‘ಹೂಂ ರೀ’ ಎಂದೆ. ‘ಬಣ್ಣ ಭಾಳ ಚೆಂದ ಐತಿ.’

‘ಕೊಡಸ್ತೀನಿ ಬಿಡು. ಅಂಥದ್ದ ಕೊಡಸ್ತೀನಿ’ ಎಂದರು.