ದೇವರ ಗೂಡಿನಲ್ಲಿ ಉಳಿದ ಪೌಚು

ಶುಕ್ರವಾರ ಬೆಳಿಗ್ಗೆ ದೇವರ ಪಾತ್ರೆ ತೊಳೆಯಲೆಂದು ಗೂಡು ಖಾಲಿ ಮಾಡುತ್ತಿದ್ದೆ. ಚಾಮುಂಡಮ್ಮನ ಪಟದ ಹಿಂದೆ ಮಗಳ ಹಳದಿ ಪೌಚು ಸಿಕ್ಕಿತು.

ಅದರಲ್ಲಿದ್ದದ್ದು ಅವಳ ಎರಡು ಇಂಜೆಕ್ಷನ್ ಪೆನ್. ಜೇನುಹುಳ ಕಚ್ಚಿದರೆ ಅವಳಿಗೆ ಗಂಟಲು ಊದಿ ಉಸಿರು ಕಟ್ಟುತ್ತದೆ. ತಕ್ಷಣ ತೊಡೆಗೆ ಚುಚ್ಚಬೇಕು. ಅವಳೋ ಅಪ್ಪನ ಜೊತೆ ಅಮೆರಿಕದ ಮರುಭೂಮಿಯ ಕಣಿವೆಯೊಂದರಲ್ಲಿ, ನದಿಯ ಮೇಲೆ. ಹಿಂದಿನ ದಿನವೇ ದೋಣಿ ಹತ್ತಿದ್ದರು. ಐದು ದಿನ ಫೋನಿಲ್ಲ, ರಸ್ತೆಯಿಲ್ಲ, ಎರಡೂ ಕಡೆ ಕಲ್ಲಿನ ಗೋಡೆ.

ತಪ್ಪು ನನ್ನದೇ. ಯಾರಾದರೂ ದೂರ ಹೊರಟರೆ ಪಾಸ್‌ಪೋರ್ಟು, ಟಿಕೆಟ್ಟು, ಔಷಧಿ ಎಲ್ಲವನ್ನೂ ದೇವರ ಮುಂದಿಟ್ಟು, ಕುಂಕುಮ ಮುಟ್ಟಿಸಿ ಕೊಡುವುದು ನಮ್ಮ ಪದ್ಧತಿ. ಮೈಸೂರಿನಲ್ಲಿ ನಮ್ಮತ್ತೆ ಮಾಡುತ್ತಿದ್ದರು, ಇಲ್ಲಿ ಇಂಗ್ಲೆಂಡಿನ ಸಟನ್ನಿನಲ್ಲಿ ನಾನು ಮಾಡುತ್ತೇನೆ. ಟ್ಯಾಕ್ಸಿ ಬಂದ ಗಡಿಬಿಡಿಯಲ್ಲಿ ಪಾಸ್‌ಪೋರ್ಟು ಎತ್ತಿಕೊಟ್ಟೆ, ಪೌಚು ಹಿಂದಕ್ಕೆ ಜಾರಿತ್ತು. ನಮ್ಮ ಯಜಮಾನರು ಡಾಕ್ಟರು. ಮಗಳ ಹತ್ತಿರ ಇದೆ ಎಂದು ಅವರು, ಅಪ್ಪನ ಹತ್ತಿರ ಇದೆ ಎಂದು ಅವಳು.

ದೋಣಿ ಕಂಪನಿಗೆ ಫೋನ್ ಮಾಡಿದರೆ ಅಲ್ಲಿನ್ನೂ ಬೆಳಕು ಹರಿದಿರಲಿಲ್ಲ. ನಮ್ಮ ಮಧ್ಯಾಹ್ನ ಮೂರಕ್ಕೆ ಒಬ್ಬ ಹೆಂಗಸು ಎತ್ತಿದಳು. ಗೈಡ್ ಹತ್ತಿರ ಸ್ಯಾಟಲೈಟ್ ಫೋನಿದೆ, ಊಟಕ್ಕೆ ದಡ ಹತ್ತಿದಾಗ ಮಾತ್ರ ಆನ್ ಮಾಡುತ್ತಾನೆ ಎಂದಳು. ಅದಕ್ಕೆ ಇನ್ನೂ ನಾಲ್ಕು ಗಂಟೆ ಕಾಯಬೇಕು. ಅವನ ಹತ್ತಿರ ಈ ಇಂಜೆಕ್ಷನ್ ಇದೆಯೇ ಎಂದು ಕೇಳಿದೆ. ಇರಬೇಕು ಎಂದಳು. ಇರಬೇಕು ಅಂತೆ!

ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದೆ. ಅಡುಗೆಮನೆಯ ಕಿಟಕಿಗೆ ಒಂದು ಜೇನುಹುಳ ಬಡಿದುಕೊಳ್ಳುತ್ತಿತ್ತು. ಕಿಟಕಿ ತೆಗೆದು ಬಿಟ್ಟೆ. ಅವತ್ತು ಅದನ್ನು ಹೊಡೆಯಲು ಧೈರ್ಯವಾಗಲಿಲ್ಲ.

ಏಳೂವರೆಗೆ ದೋಣಿ ಕಂಪನಿಯವಳೇ ಫೋನ್ ಮಾಡಿದಳು. ಮಗಳು ಚೆನ್ನಾಗಿದ್ದಾಳೆ. ಗೈಡ್ ಪೆಟ್ಟಿಗೆಯಲ್ಲಿ ಒಂದೇ ಒಂದು ಪೆನ್ ಇದೆ. ಅದಕ್ಕೇ ಮಗಳನ್ನು ಪುಟ್ಟ ಕನೂ ದೋಣಿಯಿಂದ ಇಳಿಸಿ, ಸಾಮಾನು ತುಂಬಿದ ತನ್ನ ರಾಫ್ಟ್‌ನಲ್ಲೇ ಕೂರಿಸಿಕೊಳ್ಳುತ್ತಾನಂತೆ. ಒಂದಾದರೂ ಇತ್ತಲ್ಲ. ಫೋನ್ ಹಿಡಿದುಕೊಂಡೇ ನೆಲಕ್ಕೆ ಕೂತು ಅತ್ತುಬಿಟ್ಟೆ.

ಕನೂ ನಡೆಸಬೇಕೆಂದು ವರ್ಷದಿಂದ ಕಾದಿದ್ದ ಮಗಳು, ವಾಪಸು ಬಂದ ದಿನ ಮನೆ ಬಾಗಿಲಲ್ಲೇ ಶುರುಮಾಡಿದಳು.

"ಅಮ್ಮಾ, ತ್ರೀ ಅಂಡ್ ಎ ಹಾಫ್ ಡೇಸ್! ಐ ಸ್ಯಾಟ್ ವಿತ್ ದಿ ಲಗೇಜ್!"

"ಅಮ್ಮಂಗೊಬ್ಳಿಗೇ ಬೈಬೇಡ ಕಣೇ," ಎಂದರು ಅವಳಪ್ಪ. "ಪೌಚ್ ನೋಡ್ದೇ ಹೊರಟ ಡಾಕ್ಟ್ರಿಗೂ ಸ್ವಲ್ಪ ಬೈ."

"ಬೈಕೋ ತಾಯಿ," ಎಂದೆ. "ಬೈಯೋಕೆ ಗಂಟಲು ಸರಿಯಾಗಿದ್ಯಲ್ಲ, ಅಷ್ಟು ಸಾಕು."

ಈಗ ಪೌಚು ಅವಳ ಬ್ಯಾಗು ಬಿಟ್ಟು ಕದಲುವುದಿಲ್ಲ. ಕುಂಕುಮದ ಬಟ್ಟಲನ್ನೇ ನಾನು ಬ್ಯಾಗಿನ ಹತ್ತಿರ ಒಯ್ಯುತ್ತೇನೆ. ಚಾಮುಂಡಮ್ಮ ಬೇಜಾರು ಮಾಡಿಕೊಂಡಂತೆ ಕಾಣೆ.