ಮೈಲುತುತ್ತ ಕಟ್ಟಿದ ಕಾಲು

ಮುಳ್ಳು ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡಿ ಬಂದು ಜಗಲಿಯ ಮೇಲೆ ಕಾಲು ಚಾಚಿದಾಗ, ನನ್ನ ಹೆಂಡತಿ ಮಾದಮ್ಮ ಬಲಗಾಲಿನ ಹೆಬ್ಬೆರಳ ಬುಡದಿಂದ ಅರ್ಧ ಬೆರಳುದ್ದದ ಜಾಲಿಮುಳ್ಳು ಎಳೆದು ತೋರಿಸಿದಳು. ನೋವಿಲ್ಲ. ಗಟ್ಟಿ ಕಾಲು ನನ್ನದು ಎಂದು ಜಂಬಪಟ್ಟೆ. ಶುಗರ್ ಇದೆಯೆಂದು ನಮ್ಮೂರ ಹತ್ತಿರದ ಮೇಚೇರಿಯ ಡಾಕ್ಟರ್ ಹೇಳಿ ಏಳು ವರ್ಷವಾಗಿತ್ತು. ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದೆ. ಬೀಡಿಯನ್ನು ಮಾತ್ರ ಒಂದು ದಿನವೂ ಮರೆತವನಲ್ಲ.

ಹತ್ತು ದಿನದಲ್ಲಿ ಅಲ್ಲಿ ಹುಣ್ಣಾಯಿತು. ಕುರಿಗಳ ಗೊರಸು ಕೊಳೆತರೆ ನಾವು ಮೈಲುತುತ್ತ ಹಚ್ಚುತ್ತೇವೆ. ಸಂತೆಯಲ್ಲಿ ಸಿಗುವ ನೀಲಿ ಹರಳು. ಅದರಿಂದ ನಾನು ಎಷ್ಟೋ ಕುರಿ ಉಳಿಸಿದ್ದೇನೆ. ನನಗೂ ಅದನ್ನೇ ಅರೆದು ಕಟ್ಟು ಎಂದೆ.

"ಕುರಿಗಾಕೋದ ಮನ್ಸರ ಕಾಲ್ಗಾಕ್ತಾರ?" ಎಂದಳು ಮಾದಮ್ಮ.

ಬೈದೆ. ಕಟ್ಟಿದಳು. ಉರಿಯಲಿಲ್ಲ. ಮದ್ದು ಹಿಡಿಯುತ್ತಿದೆ ಎಂದುಕೊಂಡೆ.

ಐದನೆಯ ದಿನ ಬಟ್ಟೆ ಬಿಚ್ಚಿದರೆ ಎರಡು ಬೆರಳು ಕಪ್ಪಾಗಿದ್ದವು.

ಬಸ್ಸು ಹತ್ತಿ ಸೇಲಂಗೆ ಹೋದೆವು. ಆಸ್ಪತ್ರೆಯಲ್ಲಿ ಮೊದಲು ನೋಡಿದ ಡಾಕ್ಟರ್ ಇದನ್ನು ಯಾರು ಹಾಕಿದ್ದು ಎಂದು ಸಿಟ್ಟಿನಿಂದ ಕೇಳಿದರು. ನಾನೇ ಎಂದೆ. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಗಬಹುದು ಎಂದರು. ಕುರಿ ಮೇಯಿಸುವುದು ಬಿಟ್ಟು ನನಗೆ ಬೇರೆ ಕೆಲಸ ಬಾರದು. ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಮಾದಮ್ಮ ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ. ನನ್ನ ಕಾಲಿನ ಹತ್ತಿರವೂ ಸುಳಿಯಲಿಲ್ಲ.

ವಾರಕ್ಕೊಮ್ಮೆ ಬರುವ ರಕ್ತನಾಳದ ಡಾಕ್ಟರ್ ಬಂದರು. ಪಾದದ ಮೇಲೆ, ಮೊಣಕಾಲಿನ ಹಿಂದೆ, ತೊಡೆಯ ಸಂದಿಯಲ್ಲಿ ಬೆರಳೊತ್ತಿ ನೋಡಿ, ಪಾದ ತಣ್ಣಗಿದೆ ಎಂದರು. ಕುರಿಗೆ ನಾಡಿ ಎಲ್ಲಿ ನೋಡುತ್ತೀರಿ ಎಂದು ಕೇಳಿದರು. ತೊಡೆಯ ಒಳಗೆ ಎಂದೆ. ನಿಮಗೂ ಅಲ್ಲಿ ಸಿಗುತ್ತದೆ, ಅದರ ಕೆಳಗೆ ಸಿಗುವುದಿಲ್ಲ ಎಂದರು. ಆಂಜಿಯೋಗ್ರಾಮ್‌ನಲ್ಲಿ ತೊಡೆಯ ರಕ್ತನಾಳ ಮುಚ್ಚಿತ್ತು. ಮೊಣಕಾಲಿನ ಕೆಳಗೆ ಒಂದು ಸಣ್ಣ ದಾರಿ ಉಳಿದಿತ್ತು. ಕಾಲಿನದೇ ಇನ್ನೊಂದು ನಾಳ ತೆಗೆದು, ಮುಚ್ಚಿದ ಜಾಗವನ್ನು ದಾಟಿಸಿ ಅಲ್ಲಿಗೆ ಜೋಡಿಸಬಹುದು ಎಂದರು. ರಕ್ತ ಇಳಿಯದೆ ಯಾವ ಮುಲಾಮಿಗೂ ಹುಣ್ಣು ಮಾಯುವುದಿಲ್ಲ. ಈ ಬೈಪಾಸ್ ಫಲಿಸದಿದ್ದರೆ ಕಾಲು ತೆಗೆಯಲೇಬೇಕು. ಅವರು ಏನನ್ನೂ ಮುಚ್ಚಿಡಲಿಲ್ಲ.

ಆಗ ಮಾದಮ್ಮ ಡಾಕ್ಟರಿಗೆ ತಿಳಿಯಲೆಂದು ತಮಿಳಿನಲ್ಲಿ, ಮದ್ದು ಕಟ್ಟಿದ್ದು ತಾನು, ಇವರಲ್ಲ ಎಂದಳು.

ಡಾಕ್ಟರ್ ಅವಳ ಕಡೆ ತಿರುಗಿದರು. ಮೈಲುತುತ್ತ ಚರ್ಮ ಸುಟ್ಟಿದ್ದು ನಿಜ, ಆದರೆ ರಕ್ತ ನಿಂತದ್ದು ಮುಳ್ಳು ಚುಚ್ಚುವುದಕ್ಕೂ ಮೊದಲೇ, ಅದು ಶುಗರ್ ಮತ್ತು ಬೀಡಿಯ ಕೆಲಸ ಎಂದರು. ನನಗೆ ನಾಚಿಕೆಯಾಯಿತು. ಕಟ್ಟು ಎಂದು ಬೈದವನೂ ನಾನೇ.

ಐದು ಗಂಟೆಯ ಆಪರೇಷನ್. ಕಪ್ಪಾದ ಬೆರಳುಗಳನ್ನೂ ತೆಗೆದರು. ಮರುದಿನ ಪಾದದ ಮೇಲೆ ಡಾಪ್ಲರ್ ಎಂಬ ಯಂತ್ರ ಇಟ್ಟಾಗ ಜುಯ್ ಜುಯ್ ಎಂದು ಸದ್ದು ಬಂತು. ಅದು ರಕ್ತ ಹರಿಯುವ ಸದ್ದು ಎಂದರು. ಮಾದಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು.

ಮನೆಗೆ ಕಳಿಸುವ ಮುಂಚೆ ನರ್ಸ್ ಡ್ರೆಸ್ಸಿಂಗ್ ಕಲಿಸಲು ಮಾದಮ್ಮನನ್ನು ಕರೆದರು. ತನ್ನ ಕೈ ಬೇಡ, ಬೇರೆ ಯಾರಾದರೂ ಮಾಡಲಿ ಎಂದಳು. ತೊಡೆಯ ಹೊಲಿಗೆಯಿಂದ ನನಗೆ ಬಗ್ಗಲಾಗದು. "ನೀನೇ ಕಟ್ಟು. ಈ ಸಲ ಡಾಕ್ಟ್ರು ಯೋಳ್ದಂಗೆ ಕಟ್ಟು," ಎಂದೆ.

ಸೋಪು ಹಾಕಿ ಎರಡು ಸಲ ಕೈ ತೊಳೆದು ಬಂದಳು. ಬಟ್ಟೆ ಬಿಚ್ಚಿ ಪಾದವನ್ನು ಅಂಗೈಯಲ್ಲಿ ಹಿಡಿದಳು. ಹಾಗೇ ಹಿಡಿದುಕೊಂಡಿದ್ದಳು.

"ಬಿಸಿ ಐತೆ," ಎಂದಳು.

ನನಗೆ ಅವಳ ಕೈಯೂ ತಿಳಿಯಲಿಲ್ಲ, ಬಿಸಿಯೂ ತಿಳಿಯಲಿಲ್ಲ. ಶುಗರ್‌ನಿಂದ ಸತ್ತ ಆ ಪಾದದ ಸ್ಪರ್ಶ ಇನ್ನು ಮರಳುವುದಿಲ್ಲವಂತೆ. ಹೊಸ ದಾರಿಯೂ ಎಷ್ಟು ವರ್ಷ ತೆರೆದಿರುತ್ತದೋ ಡಾಕ್ಟರ್ ಹೇಳಿಲ್ಲ. ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಕಟ್ಟಿದ್ದು ಅವಳೇ.