ಕುದುರೆಯ ಮೈ ಮುಟ್ಟಲು ಕಲಿತದ್ದು

ಚಳ್ಳಕೆರೆಯಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಶೇಂಗಾ ಮೂಟೆ ಹೊತ್ತು ಸೊಂಟ ಹಿಡಿದುಕೊಂಡ ಹಮಾಲರು, ಮೊಣಕಾಲು ನೋವಿನ ಅಜ್ಜಿಯರು ಅಲ್ಲಿಗೆ ಬರುತ್ತಾರೆ. ಅವರ ನಡುವೆ ಹಿರಿಯರೊಬ್ಬರು ಭುಜದ ನೋವೆಂದು ಬರುತ್ತಿದ್ದರು. ಮದುವೆ ಮೆರವಣಿಗೆಗೆ ಬಿಳಿ ಕುದುರೆ ಕೊಡುವುದು ಅವರ ಕಸುಬು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಹೇಳಿಕೊಟ್ಟ ವ್ಯಾಯಾಮವನ್ನು ತಪ್ಪದೆ ಮಾಡುತ್ತಿದ್ದರು, ನೋವೂ ಇಳಿಯುತ್ತಿತ್ತು. ಆದರೆ ಒಂದು ಮದುವೆ ಮುಗಿಸಿ ಬಂದರೆ ಸಾಕು, ಮತ್ತೆ ಶುರುವಾಗುತ್ತಿತ್ತು.

"ಮದ್ವೇಲಿ ಏನು ಎತ್ತುತ್ತೀರಿ ಚಾಚಾ?" ಎಂದು ಒಮ್ಮೆ ಕೇಳಿದೆ.

"ಏನೂ ಎತ್ತಲ್ಲ ಡಾಕ್ಟ್ರಮ್ಮ. ಲಗಾಮು ಹಿಡ್ಕೊಂಡು ನಡೀತೀನಿ ಅಷ್ಟೆ. ಅದು ಯಾವಾಗ್ಲೂ ಒಂದೇ ಕಡೀಗೆ ಎಳೀತೈತೆ, ನಾನು ಈ ಕಡೀಗೆ ಎಳೀತೀನಿ."

"ಯಾಕೆ ಒಂದೇ ಕಡೀಗೆ ಎಳೀತೈತೆ?"

"ಅದನ್ನ ನೀವು ಅದಕ್ಕೇ ಕೇಳ್ಬೇಕು."

ಅವರು ತಮಾಷೆಗೆ ಹೇಳಿದ್ದರು. ನನಗೆ ಮಾತ್ರ ಅದು ತಲೆಯಲ್ಲಿ ಕೂತುಬಿಟ್ಟಿತು. ಒಂದು ಬೆಳಿಗ್ಗೆ ಅವರ ಮನೆಯ ಹಿಂದಿನ ತಗಡಿನ ಲಾಯಕ್ಕೆ ಹೋಗಿಯೇಬಿಟ್ಟೆ.

ಅಲ್ಲಿಯವರೆಗೆ ನಾನು ಕುದುರೆಯನ್ನು ಮುಟ್ಟಿದವಳಲ್ಲ. ನೊಣ ಕೂತಲ್ಲಿ ಮಾತ್ರ ಅದರ ಚರ್ಮ ನಡುಗುವುದನ್ನು ನೋಡುತ್ತ ನಿಂತೆ. ನೊಣದ ಭಾರ ತಿಳಿಯುವ ಮೈಗೆ ನನ್ನ ಕೈ ಹೇಗನ್ನಿಸಬಹುದು? ಚಾಚಾ ಕುದುರೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡರು. "ಹಿಂದೆ ಹೋಗ್ಬೇಡ್ರಿ, ಪಕ್ಕದಾಗೆ ನಿಲ್ರಿ," ಎಂದರು. ನಾನು ಕತ್ತಿನಿಂದ ಶುರುಮಾಡಿ ಬೆನ್ನಿನವರೆಗೆ ಎರಡೂ ಕಡೆ ಅಂಗೈ ಆಡಿಸಿದೆ. ಬಲಗಡೆ, ಜೀನು ಕೂರುವ ಜಾಗದ ಕೆಳಗೆ, ಸ್ನಾಯು ಹಲಗೆಯಂತೆ ಗಟ್ಟಿಯಾಗಿತ್ತು. ಅಲ್ಲಿ ಬೆರಳು ಇಟ್ಟದ್ದೇ ತಡ, ಕುದುರೆ ಕಿವಿಯನ್ನು ಹಿಂದಕ್ಕೆ ಮಡಚಿತು. ನಾನು ಕೈ ತೆಗೆದೆ.

ತೋಚಿದ್ದನ್ನೆಲ್ಲ ಮಾಡುವ ಧೈರ್ಯ ನನಗಿರಲಿಲ್ಲ. ಪರಿಚಯದ ಪಶುವೈದ್ಯರೊಬ್ಬರನ್ನು ಕರೆಸಿದೆವು. ಅವರು ಕಾಲು, ಗೊರಸು ಎಲ್ಲವನ್ನೂ ಒತ್ತಿ ನೋಡಿದರು.

"ಕಾಲಿಂದೇನೂ ತೊಂದ್ರೆ ಇಲ್ಲ. ಇದು ಬೆನ್ನಿನ ಸ್ನಾಯುವಿಂದು," ಎಂದರು. ನಂತರ ನನ್ನ ಕಡೆ ತಿರುಗಿ, "ಮೇಡಂ, ಮನುಷ್ಯರಿಗೆ ಮಾಡಿದಂಗೆ ಇದಕ್ಕೆ ಮಾಡೋಕಾಗಲ್ಲ. ಕುದುರೆಗೆ ಕಾಲರ್ ಬೋನೇ ಇಲ್ಲ, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಮುಂಗಾಲು ಮೈಗೆ ಎಲುಬಿನಿಂದ ಸೇರಿಯೇ ಇಲ್ಲವಂತೆ. ಅಷ್ಟು ದೊಡ್ಡ ಎದೆ ಎರಡು ಮುಂಗಾಲುಗಳ ನಡುವೆ ಬರೀ ಸ್ನಾಯುಗಳಲ್ಲಿ, ಸೀರೆಯಲ್ಲಿ ಕಟ್ಟಿದ ತೊಟ್ಟಿಲಿನಂತೆ ತೂಗುತ್ತಿರುತ್ತದೆ. ಆ ದಿನ ಕ್ಲಿನಿಕ್ಕಿನಲ್ಲಿ ಯಾರ ಭುಜ ಮುಟ್ಟಿದರೂ ನನಗೆ ಅದೇ ನೆನಪಾಗುತ್ತಿತ್ತು.

ಬೆಂಗಳೂರಿನ ಹೊರಗೆ ಕುದುರೆ ಸವಾರಿ ಕಲಿಸುವ ಒಂದು ಫಾರಂನಲ್ಲಿ ಮಸಾಜ್ ಕೂಡ ಕಲಿಸುತ್ತಾರೆಂದು ಆ ವೈದ್ಯರೇ ವಿಚಾರಿಸಿ ತಿಳಿಸಿದರು. ಅವ್ವನಿಗೆ ಹೇಳಿದೆ.

"ಜನರ ಕಾಲು ಒತ್ತಿದ್ದು ಸಾಲ್ದು ಅಂತ ಕುದುರೆ ಕಾಲು ಒತ್ತಾಕ್ ಹೊಂಟಿಯಾ?"

"ಹೂಂ ಅವ್ವ. ಒತ್ತಿದ್ರೆ ಏನಾಗ್ತೈತೆ ನೋಡ್ಬೇಕು."

"ಒದೀತೈತೆ. ಇನ್ನೇನಾಗ್ತೈತೆ," ಎಂದಳು. ಆದರೂ ಹೊರಡುವ ದಿನ ಚಟ್ನಿಪುಡಿ ಡಬ್ಬಿ ಕಟ್ಟಿಕೊಟ್ಟಳು.

ಫಾರಂನಲ್ಲಿ ಮೊದಲ ಕೆಲವು ದಿನ ಕಲಿಸುವಾಕೆ ನನಗೆ ಕುದುರೆಯನ್ನು ಮುಟ್ಟಲು ಬಿಡಲಿಲ್ಲ. ಬರೀ ನೋಡಬೇಕಿತ್ತು. ಯಾವ ಕಾಲಿನ ಮೇಲೆ ಭಾರ ಬಿಟ್ಟಿದೆ, ಬಾಲ ಯಾವ ಕಡೆ ವಾಲಿದೆ, ಕಣ್ಣಿನ ಮೇಲಿನ ಚರ್ಮ ಬಿಗಿದಿದೆಯೇ. ಆಮೇಲೆ ಕೈಗೆ ಬುದ್ಧಿ ಕಲಿಸುವ ಕೆಲಸ. ಜೋರಾಗಿ ಒತ್ತಿದರೆ ಸ್ನಾಯುವೂ ಬಿಗಿಯುತ್ತದೆ; ಹಗುರವಾಗಿ ಕೈ ಇಟ್ಟು ಕಾದರೆ ತಾನೇ ಸಡಿಲಗೊಂಡು ಬೆರಳಿನತ್ತ ಬರುತ್ತದೆ. ಊತವೋ ಬಿಸಿಯೋ ಕಂಡರೆ ಮುಟ್ಟದೆ ವೈದ್ಯರನ್ನು ಕರೆಯಬೇಕು. ಒಂದು ಕುದುರೆ ನನ್ನ ತೋಳನ್ನು ಕಚ್ಚಿತು. ಇದನ್ನು ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ಊರಿಗೆ ಬಂದವಳು ಬಸ್ಸಿಳಿದು ನೇರ ಚಾಚಾ ಅವರ ಲಾಯಕ್ಕೆ ಹೋದೆ. ಜೀನನ್ನು ಬಿಚ್ಚಿ ನೋಡಿದರೆ ಒಳಗಿನ ಹತ್ತಿ ಒಂದು ಪಕ್ಕಕ್ಕೆ ಸರಿದು ಗಂಟಾಗಿತ್ತು. ಮದುಮಗಂದಿರೆಲ್ಲ ಒಂದೇ ಕಡೆಯಿಂದ ಏರಿ ಏರಿ ಜೀನನ್ನು ಎಳೆದಿದ್ದರು. ಚಾಚಾ ಹೊಸದಾಗಿ ಹತ್ತಿ ತುಂಬಿಸಿದರು, ಜೀನು ಜಗ್ಗದೆ ಏರಲೆಂದು ಏಣಿಯಂಥ ಒಂದು ಸ್ಟೂಲನ್ನೂ ಮಾಡಿಸಿದರು. ನಾನು ವಾರವಾರವೂ ಹೋಗಿ ಆ ಗಟ್ಟಿ ಜಾಗದ ಸುತ್ತ ಕೈಯಾಡಿಸಿದೆ. ಒಂದು ದಿನ ಕುದುರೆ ತಲೆ ಇಳಿಸಿತು, ಕೆಳತುಟಿ ಜೋತುಬಿತ್ತು. ಆಮೇಲೆ ಹಲ್ಲೆಲ್ಲ ಕಾಣುವಂತೆ ಬಾಯಿ ತೆರೆದು ಒಂದಾದ ಮೇಲೆ ಒಂದು ಆಕಳಿಸಿತು.

"ನಿದ್ದೆ ಬಂತೇನ್ರಿ ಇದಕ್ಕೆ?" ಎಂದರು ಚಾಚಾ.

"ಇಲ್ಲ ಚಾಚಾ, ನೋವು ಬಿಡ್ತೈತೆ," ಎಂದೆ.

ಕುದುರೆ ಒಂದೇ ಕಡೆ ಎಳೆಯುವುದು ನಿಂತಿತು, ಚಾಚಾ ಅವರ ಭುಜದ ನೋವೂ ಮರಳಿ ಬರಲಿಲ್ಲ. ಸುದ್ದಿ ಮದುವೆ ಮನೆಗಳ ಮೂಲಕವೇ ಹರಡಿತು. ಈಗ ಬೆಳಗಿನ ಹೊತ್ತು ಕುದುರೆಗಳು, ಸಂಜೆ ಮನುಷ್ಯರು. ಹೋದ ವರ್ಷ ಮೊಳಕಾಲ್ಮೂರಿನಿಂದ, ಚಾಚಾ ಅವರಂತೆಯೇ ಮದುವೆಗೆ ಕುದುರೆ ಕೊಡುವ ಒಬ್ಬರು ಫೋನ್ ಮಾಡಿದರು. ರಾಯದುರ್ಗದ ಕಡೆಯಿಂದ ಹೊಸದಾಗಿ ತಂದ ಕಂದು ಕುದುರೆಯಂತೆ.

"ಇದಕ್ಕೆ ಬದ್ಧಕ ಜಾಸ್ತಿ ಅಮ್ಮಾ," ಎಂದರು, ನಾನು ಹೋದಾಗ. ಬದ್ಧಕವೆಂದರೆ ಆ ಕಡೆಯ ತೆಲುಗು ಮಾತಿನಲ್ಲಿ ಸೋಮಾರಿತನ. "ತಿಂತೈತೆ, ನಿಂತ್ಕೊಂತೈತೆ. ನಡಿ ಅಂದ್ರೆ ನಡೆಯಲ್ಲ. ಬೆನ್ನು ಹಿಡ್ಕೊಂಡೈತೇನೋ."

ಬೆನ್ನು ನಿಜಕ್ಕೂ ಬಿಗಿದಿತ್ತು. ಆದರೆ ಪಕ್ಕೆಯ ಕೆಳಗೆ ಅಂಗೈ ಇಟ್ಟು ಕಾಯುತ್ತಿದ್ದಾಗ ಒಳಗಿನಿಂದ ಏನೋ ನನ್ನ ಕೈಯನ್ನು ತಳ್ಳಿತು. ಸ್ನಾಯು ಹಾಗೆ ತಳ್ಳುವುದಿಲ್ಲ. ಕೈ ತೆಗೆಯದೆ ನಿಂತೆ. ಮತ್ತೆ ತಳ್ಳಿತು, ಈ ಸಲ ಗಟ್ಟಿಯಾಗಿ.

"ಅಣ್ಣಾ, ಇಲ್ಲಿ ಕೈ ಇಡ್ರಿ."

ಅವರು ಇಟ್ಟರು. ಮುಖದ ಬಣ್ಣವೇ ಬದಲಾಯಿತು. "ಅಯ್ಯೋ ದೇವುಡಾ," ಎಂದು ಮೆಲ್ಲಗೆ ಅಂದು ಕುದುರೆಯ ಕತ್ತಿಗೆ ಹಣೆ ಹಚ್ಚಿದರು. ನಾನು ಅಲ್ಲಿಗೇ ನಿಲ್ಲಿಸಿದೆ. ವೈದ್ಯರು ಬಂದು ನೋಡಿ ಗಬ್ಬವೆಂದು ಖಚಿತಪಡಿಸಿದರು. ಆ ಹಂಗಾಮಿನ ಮದುವೆಗಳನ್ನೆಲ್ಲ ಕುದುರೆಯವರು ಬಿಟ್ಟುಕೊಟ್ಟರು.

ಮರಿ ಹುಟ್ಟಿದ ಸುದ್ದಿ ಬಂದಾಗ ಮೊದಲ ಬಸ್ಸಿಗೇ ಹೋದೆ. ಮೈಗಿಂತ ಕಾಲೇ ಉದ್ದವಿದ್ದ ಕೂಸು ತಾಯಿಯ ಸುತ್ತ ಓಡಲು ಹೋಗಿ, ಮುಗ್ಗರಿಸಿ, ಮತ್ತೆ ಏಳುತ್ತಿತ್ತು.

"ಇದಕ್ಕೂ ಮಸಾಜ್ ಮಾಡ್ತೀರೇನಮ್ಮಾ?" ಎಂದು ಅವರು ನಗುತ್ತ ಕೇಳಿದರು.

"ಈಗ್ಲೇ ಬೇಡ್ರಿ. ಮೊದ್ಲು ಕುಣೀಲಿ," ಎಂದೆ. ಬಾಗಿಲ ಪಕ್ಕದ ಹುಲ್ಲಿನ ಹೊರೆಯ ಮೇಲೆ ಕೂತು, ಬೀಳುವಾಗ ಅದು ಮೊದಲು ಯಾವ ಕಾಲು ಮಡಚುತ್ತದೆ ಎಂದು ನೋಡತೊಡಗಿದೆ.